ವೋಲ್ಗಾ ತೀರದ ಜನ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಉಗಮಿಸುವ ಸ್ಥಳವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಲ್ಲಿ ಮಾವುಲಿ ದೇವಿಯ ಗುಡಿಯಿದೆ. ರಷ್ಯದ ವಾಲ್ದಾಯ್ ಗುಡ್ಡಗಾಡಿನಲ್ಲಿಯೂ ಇಂಥದೇ ಒಂದು ಕಿರಿಯ ಒರತೆಯಿದ್ದು, ಅದರ ಮೇಲೆ ಮರದ ಪುಟ್ಟ ಪ್ರಾರ್ಥನಾಮಂದಿರವನ್ನು ಕಟ್ಟಿದ್ದಾರೆ. ಆ ಒರತೆಯೇ ಸುಮಾರು 3,530 ಕಿಲೋಮೀಟರು ಹರಿದು ಕಾಸ್ಪಿಯನ್ ಸಮುದ್ರವನ್ನು ಸೇರುವ ವೋಲ್ಗಾ. ಅದನ್ನು ಅವರೂ ತಾಯಿಯೆಂದೇ ಕರೆಯುತ್ತಾರೆ. ಮಲಪ್ರಭೆ ಬೇಸಗೆಯಲ್ಲಿ ಬಡವಾಗುತ್ತಾಳೆ. ವೋಲ್ಗಾ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಾಳೆ.

ಆ ಚಳಿಯೇ ರಷ್ಯದ ಹಳ್ಳಿಯ ಬಾಳನ್ನು ರೂಪಿಸಿತು. ಖಾನಾಪುರದವರು ತಮ್ಮ ಜೇಡಿಮಣ್ಣಿನಿಂದ ಹೆಂಚು ಮಾಡಿ ಮಳೆಯನ್ನು ತಡೆದರು. ರಷ್ಯದ ರೈತ ದಿಮ್ಮಿಗಳನ್ನು ಜೋಡಿಸಿ ಮನೆ ಕಟ್ಟಿ, ಒಳಗೆ ದೊಡ್ಡದೊಂದು ಒಲೆಯನ್ನು ಹೂಡಿದ. ಅಡುಗೆ ಅದರೊಳಗೆ, ಮುದುಕರೂ ಮಕ್ಕಳೂ ಮಲಗುತ್ತಿದ್ದುದು ಅದರ ಮೇಲೆ! ರೈ ಧಾನ್ಯದ ಕಪ್ಪು ರೊಟ್ಟಿ ಅವರಿಗೆ ನಮ್ಮ ಜೋಳದ ರೊಟ್ಟಿಯಿದ್ದಂತೆ. ಅತಿಥಿಗೆ ರೊಟ್ಟಿಯನ್ನೂ ಉಪ್ಪನ್ನೂ ನೀಡಿ ಸ್ವಾಗತಿಸುವುದು ಅವರ ಹಳೆಯ ಸಂಪ್ರದಾಯ.

ಇದೇ ವೋಲ್ಗಾ ತೀರದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಎಷ್ಟೋ ಮುಂಚೆಯೇ, ನಮ್ಮ ಬೀದರಿಗೆ ಬಂದಿದ್ದ. ಆಗ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್. 1472-73ರಲ್ಲಿ ಬೆಳಗಾವಿಯ ಕೋಟೆಯನ್ನು ಮುತ್ತಿ ಗೆದ್ದವನೂ ಅವನೇ. ನಿಕಿತಿನ್ ಮಾರಲೆಂದು ಒಂದು ಕುದುರೆಯನ್ನು ತಂದಿದ್ದ. ಇಲ್ಲಿ ಕುದುರೆಗಳಿಗೆ ಸಕ್ಕರೆ ಬೆಣ್ಣೆಗಳ ಕಿಚಡಿ ಹಾಕುವುದನ್ನೂ ಅವನು ಬರೆದಿಟ್ಟಿದ್ದಾನೆ. ಆದರೆ ನನಗೆ ಹಿರಿದೆನಿಸುವುದು ಬೇರೊಂದು ಸಂಗತಿ. ಅಮೀರರು ಬೆಳ್ಳಿಯ ಮಂಚಗಳ ಮೇಲೆ ಹೊರಿಸಿಕೊಂಡು ಮೆರೆಯುವುದನ್ನು ಬಣ್ಣಿಸಿದ ಅವನು, ಹಳ್ಳಿಗರ ಕಡುಬಡತನವನ್ನೂ ಮರೆಯದೆ ದಾಖಲಿಸಿದ. ಊರಿಗೆ ಮರಳುವ ದಾರಿಯಲ್ಲಿಯೇ ಅವನು ತೀರಿಕೊಂಡ. ಅವನ ಬರಹವನ್ನು ವರ್ತಕರು 1475ರಲ್ಲಿ ಮಾಸ್ಕೋಗೆ ಮುಟ್ಟಿಸಿದರು.

ನಾವು ರಷ್ಯವನ್ನು ನೋಡಬೇಕಾದುದೂ ಆ ವರ್ತಕನ ಕಣ್ಣಿನಿಂದಲೇ ಎಂಬುದು ನನ್ನ ಅಭಿಪ್ರಾಯ. ಪತ್ರಿಕೆಗಳಿಂದ ನಮಗೆ ತಿಳಿಯುವುದು ಬಹುಪಾಲು ಆಳುವವರ ಕಥೆ. 2022ರಲ್ಲಿ ರಷ್ಯದ ಸೇನೆ ಉಕ್ರೇನಿನ ಮೇಲೆ ನಡೆಸಿದ ದಾಳಿಯನ್ನು ಖಂಡಿಸೋಣ. ಅದಕ್ಕಾಗಿ ಕಪ್ಪು ರೊಟ್ಟಿಯ ರೈತನನ್ನು ದ್ವೇಷಿಸುವುದು ಸಲ್ಲದು. 1861ರವರೆಗೆ ಆ ರೈತರಲ್ಲಿ ಕೋಟಿಗೂ ಮಿಕ್ಕ ಮಂದಿ ಜಮೀನುದಾರರ ಜೀತದಾಳುಗಳಾಗಿದ್ದರು. ಅವರ ಬಿಡುಗಡೆಗೆ ಎರಡು ವರ್ಷ ಮೊದಲೇ ಟಾಲ್‌ಸ್ಟಾಯ್ ಯಾಸ್ನಾಯಾ ಪೋಲ್ಯಾನಾದಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದ. 'ಯುದ್ಧ ಮತ್ತು ಶಾಂತಿ'ಯನ್ನು ಬರೆದು ಮುಗಿಸಿದ ಮೇಲೆ, 1872ರಲ್ಲಿ, ಮಕ್ಕಳಿಗೊಂದು ಬಾಲಬೋಧೆಯನ್ನೂ ಬರೆದ. (ಉಪಾಧ್ಯಾಯನಾಗಿದ್ದ ನನಗೆ ಇದು ಕಾದಂಬರಿಗಿಂತ ಸಣ್ಣ ಕೆಲಸವೆಂದು ತೋರಿಲ್ಲ.) ಈ ಜನರನ್ನು ಅರಿಯಲು ನೀವು ರಷ್ಯನ್ ಭಾಷೆಯನ್ನು ಕಲಿಯುವವರೆಗೆ ಕಾಯಬೇಕಾಗಿಲ್ಲ. ಆ ಮಹಾಕಾದಂಬರಿಯನ್ನು ದೇ. ಜವರೇಗೌಡರೂ, ಗೋರ್ಕಿಯ 'ತಾಯಿ'ಯನ್ನು ನಿರಂಜನರೂ ಕನ್ನಡಕ್ಕೆ ತಂದುಕೊಟ್ಟಿದ್ದಾರೆ.