‘ಇಲ್ಲ’ ಎಂಬುದಕ್ಕೂ ಲೆಕ್ಕವಿರಲಿ

ಸರ್ಕಾರಿ ಆಸ್ಪತ್ರೆಯ ಔಷಧ ಕಿಟಕಿಯ ಮುಂದೆ ನಿಂತ ಬಡವನಿಗೆ ಅತ್ಯಂತ ದುಬಾರಿಯಾಗಿ ಬೀಳುವ ಮಾತು ‘ಇಲ್ಲ’ ಎಂಬುದು. ಸರತಿಯಲ್ಲಿ ನಿಂತದ್ದಕ್ಕೆ ಗಿರಣಿ ಕಾರ್ಮಿಕನ ಅರ್ಧ ದಿನದ ಮಜೂರಿ ಹೋಗಿರುತ್ತದೆ. ಚೀಟಿ ಹಿಡಿದು ಹೊರಗಿನ ಅಂಗಡಿಗೆ ಹೋದರೆ ಉಳಿದರ್ಧವೂ ಹೋಗುತ್ತದೆ. ಅಂಗಡಿಯ ಬಾಗಿಲು ಹಾಕಿಕೊಂಡು ಬಂದ ಚಿಲ್ಲರೆ ವ್ಯಾಪಾರಿಯ ಪಾಡೂ ಇದಕ್ಕಿಂತ ಬೇರೆಯಲ್ಲ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ದುಡ್ಡಿಲ್ಲದೆ ಮಾತ್ರೆಯನ್ನೇ ಬಿಟ್ಟರೆ, ಅದರ ಬೆಲೆಯನ್ನು ಮುಂದೆ ಮೂತ್ರಪಿಂಡವೋ ಹೃದಯವೋ ತೆರಬೇಕಾಗುತ್ತದೆ. ಆದುದರಿಂದ ಆಸ್ಪತ್ರೆಯ ಔಷಧ ಉಗ್ರಾಣದ ಲೆಕ್ಕವು ಗುಮಾಸ್ತರ ಖಾಸಗಿ ವ್ಯವಹಾರವಲ್ಲ; ಅದು ಜನರ ವ್ಯವಹಾರ.

ಈ ಲೆಕ್ಕವು ಈಗ ದಪ್ಪ ರಿಜಿಸ್ಟರುಗಳಿಂದ ಕಂಪ್ಯೂಟರಿಗೆ ಏರಿದೆ. ಇದನ್ನು ನಾವು ಸ್ವಾಗತಿಸುತ್ತೇವೆ. ನೆರೆಯ ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ಔಷಧಗಳನ್ನು ಒಟ್ಟಾಗಿ ಕೊಂಡು, ಜಿಲ್ಲಾ ಉಗ್ರಾಣಗಳ ದಾಸ್ತಾನನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿಗೆ ದಾರಿ ಹಾಕಿತು. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ಕು. ಎಷ್ಟು ಮೊತ್ತದ ಔಷಧವನ್ನು ಎತ್ತಬಹುದು, ಎಷ್ಟು ಎತ್ತಿದೆ ಎಂಬುದು ಅದರಲ್ಲಿ ದಾಖಲು. ರಾಜಸ್ಥಾನವು 2011ರ ಅಕ್ಟೋಬರ್ 2ರಿಂದ ಉಚಿತ ಔಷಧ ಯೋಜನೆಯನ್ನು ನಡೆಸಿದ್ದೂ ಇಂಥ ಲೆಕ್ಕದ ಬಲದಿಂದಲೇ. ನಮ್ಮ ರಾಜ್ಯದಲ್ಲೂ ವೈದ್ಯಕೀಯ ಸರಬರಾಜು ನಿಗಮವಿದೆ, ಜಿಲ್ಲೆಗಳಲ್ಲಿ ಉಗ್ರಾಣಗಳಿವೆ.

ಈ ಲೆಕ್ಕದ ಮರ್ಮವು ನಮ್ಮ ವ್ಯಾಪಾರಿ ಬಂಧುಗಳಿಗೆ ಹೊಸದೇನಲ್ಲ. ಯಾವ ಸರಕು ದಿನಕ್ಕೆ ಎಷ್ಟು ಖರ್ಚಾಗುತ್ತದೆ, ಆರ್ಡರು ಕೊಟ್ಟ ಎಷ್ಟು ದಿನಕ್ಕೆ ಮಾಲು ಬರುತ್ತದೆ, ಅಷ್ಟರೊಳಗೆ ಗೋಣಿ ಬರಿದಾಗದಂತೆ ಯಾವಾಗ ಕೊಳ್ಳಬೇಕು ಎಂಬುದನ್ನು ಕಿರಾಣಿ ಅಂಗಡಿಯವನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾನೆ. ನೂರಾರು ಬಗೆಯ ಔಷಧಗಳಿರುವಲ್ಲಿ ಅದೇ ಕೆಲಸವನ್ನು ಯಂತ್ರ ಮಾಡುತ್ತದೆ. ಮೊದಲು ಮುದ್ದತು ತೀರುವ ಔಷಧವನ್ನು ಮೊದಲು ಹೊರಗೆ ಕೊಡಿಸುತ್ತದೆ. ಹಣದ ಬಹುಪಾಲನ್ನು ನುಂಗುವ ಕೆಲವೇ ಔಷಧಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರವೆನ್ನುವ ಔಷಧಗಳು, ಅವಶ್ಯವಾದವು, ಇದ್ದರೆ ಒಳ್ಳೆಯದೆನ್ನುವವು ಎಂದು ಮೂರು ಪಂಕ್ತಿ ಮಾಡಿದರೆ, ಹಾವಿನ ವಿಷದ ಮದ್ದು ತೀರಿಹೋಗುವ ಮುನ್ನವೇ ಎಚ್ಚರಿಕೆ ಕೊಡುತ್ತದೆ. ಒಂದು ತಾಲ್ಲೂಕಿನಲ್ಲಿ ಕೊಳೆಯುತ್ತಿರುವ ಔಷಧವನ್ನು ಅದಕ್ಕಾಗಿ ಬಾಯಿಬಿಡುತ್ತಿರುವ ಇನ್ನೊಂದು ತಾಲ್ಲೂಕಿಗೆ ಸಾಗಿಸುವುದು ಸಾಧ್ಯವಾಗುತ್ತದೆ.

ಆದರೆ ಯಂತ್ರವು ತನಗೆ ಹೇಳಿದ್ದನ್ನು ಮಾತ್ರ ಬಲ್ಲದು. ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳು ದಿನಕ್ಕೆ 200 ಬೇಕೆಂದು ಇಟ್ಟುಕೊಳ್ಳಿ. ತಿಂಗಳಿಗೆ 6,000, ವರ್ಷಕ್ಕೆ 72,000. ನಡುವೆ ಎರಡು ತಿಂಗಳು ಸರಬರಾಜು ನಿಂತು, ಬಂದವರಿಗೆಲ್ಲ ‘ಇಲ್ಲ’ ಎಂದು ಹೇಳಿ ಕಳಿಸಿದರೆನ್ನಿ. ಕೊಟ್ಟದ್ದನ್ನು ಮಾತ್ರ ಬರೆದುಕೊಂಡರೆ ವರ್ಷದ ಖರ್ಚು 60,000 ಎಂದು ಪುಸ್ತಕ ತೋರಿಸುತ್ತದೆ. ಮುಂದಿನ ವರ್ಷದ ಇಂಡೆಂಟೂ ಅಷ್ಟಕ್ಕೇ ಹೋಗುತ್ತದೆ. ಈ ವರ್ಷದ ಕೊರತೆಯೇ ಬರುವ ವರ್ಷದ ಅಳತೆಗೋಲಾಗುತ್ತದೆ! ಬರಿಗೈಯಲ್ಲಿ ಹಿಂದಿರುಗಿದ ರೋಗಿ ಲೆಕ್ಕದಲ್ಲಿ ಹುಟ್ಟಲೇ ಇಲ್ಲ. ಗಿರಾಕಿ ಕೇಳಿದ ಸಾಮಾನು ಇಲ್ಲದಿದ್ದಾಗ ಜಾಣ ಅಂಗಡಿಯವನು ಒಂದು ಗುರುತು ಹಾಕಿಕೊಳ್ಳುತ್ತಾನೆ. ಸರ್ಕಾರಕ್ಕೆ ಅಷ್ಟು ವ್ಯವಹಾರಜ್ಞಾನ ಬೇಡವೇ?

ಲೆಕ್ಕದ ಇನ್ನೊಂದು ಮುಖ ಇದಕ್ಕಿಂತ ಗಂಭೀರವಾದದ್ದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯ ಶಸ್ತ್ರಚಿಕಿತ್ಸೆಯ ತರುವಾಯ ಬಾಣಂತಿಯರು ಸತ್ತ ಸಂಗತಿಯನ್ನು ಈ ನಾಡು ಮರೆತಿಲ್ಲ. ಅವರ ರಕ್ತನಾಳಕ್ಕೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರವು ಅದರ ಬಳಕೆಯನ್ನು ತಡೆಯಿತು. ಅದೇ ದ್ರಾವಣದ ಕೆಲವು ಬ್ಯಾಚುಗಳ ಬಗ್ಗೆ ರಾಜ್ಯದ ಪ್ರಯೋಗಾಲಯ ಒಂದು ಮಾತು, ಕೇಂದ್ರದ ಪ್ರಯೋಗಾಲಯ ಇನ್ನೊಂದು ಮಾತು ಹೇಳಿದ್ದವೆಂಬುದೂ ಆಗ ಹೊರಬಿತ್ತು. ಯಾವ ಬ್ಯಾಚು ಯಾವ ಉಗ್ರಾಣದಿಂದ ಯಾವ ವಾರ್ಡಿಗೆ ಹೋಯಿತು, ಯಾವ ರೋಗಿಗೆ ಕೊಡಲಾಯಿತು ಎಂಬುದು ಗಂಟೆಯೊಳಗೆ ತಿಳಿಯುವಂತಿದ್ದರೆ ಸಂಶಯದ ಬಾಟಲಿಯನ್ನು ರಾಜ್ಯದ ಮೂಲೆಮೂಲೆಯಲ್ಲೂ ಕೂಡಲೇ ತಡೆಹಿಡಿಯಬಹುದು. ಸಂಶಯ ಹುಟ್ಟಿದ ಬ್ಯಾಚು, ಅದು ತೀರುವವರೆಗೆ, ಬೀಗದೊಳಗೆ ಇರಬೇಕು. ಸಂಶಯದ ಲಾಭವು ರೋಗಿಗೆ ಸಲ್ಲಬೇಕೇ ಹೊರತು ಸರಬರಾಜುದಾರನಿಗಲ್ಲ.

ಯಂತ್ರವನ್ನು ಕೊಂಡೊಡನೆ ಕೆಲಸ ಮುಗಿಯಿತೆಂದು ಅಧಿಕಾರಿವರ್ಗ ಭಾವಿಸಬಾರದು. ಒಬ್ಬನೇ ಔಷಧ ವಿತರಕನು ಬೆಳಗಿನಿಂದ ನೂರಾರು ಚೀಟಿಗಳಿಗೆ ಔಷಧ ಕೊಟ್ಟು, ಸಂಜೆ ನೆನಪಿನಿಂದ ಲೆಕ್ಕ ತುಂಬಿಸಿದರೆ ಅದು ಲೆಕ್ಕವಲ್ಲ, ಊಹೆ. ಗಿರಣಿಯಲ್ಲಿ ಎರಡು ಮಗ್ಗಕ್ಕೆ ನಿಲ್ಲುವವನಿಗೆ ನಾಲ್ಕು ಮಗ್ಗ ವಹಿಸಿದಾಗ ಬಟ್ಟೆ ಏನಾಗುತ್ತದೆಂಬುದು ನಮ್ಮ ಓದುಗರಿಗೆ ಗೊತ್ತು. ತಪ್ಪು ಅಂಕಿಯನ್ನು ಯಂತ್ರವು ತಿದ್ದುವುದಿಲ್ಲ. ಅದನ್ನು ಇನ್ನಷ್ಟು ವೇಗವಾಗಿ ರಾಜಧಾನಿಗೆ ಮುಟ್ಟಿಸುತ್ತದೆ, ಅಷ್ಟೆ.

ಆದುದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿವೆ. ಔಷಧ ಸಿಗದ ಪ್ರತಿ ರೋಗಿಗೂ ‘ಈ ದಿನ ಈ ಔಷಧ ಇಲ್ಲ’ ಎಂಬ, ನಂಬರು ಹಾಕಿದ ಚೀಟಿಯನ್ನು ಕೊಡತಕ್ಕದ್ದು. ಅದರ ಪ್ರತಿ ಕಂಪ್ಯೂಟರಿನಲ್ಲಿ ಉಳಿಯತಕ್ಕದ್ದು. ಇಂಡೆಂಟು ಹಾಕುವಾಗ ಅದನ್ನೂ ಕೂಡಿಸತಕ್ಕದ್ದು. ಮುಖ್ಯ ಔಷಧಗಳ ದಾಸ್ತಾನು, ಮುದ್ದತು ತೀರಿ ಹಾಳಾದದ್ದರ ಬೆಲೆ, ತಡೆಹಿಡಿದ ಬ್ಯಾಚುಗಳ ನಂಬರು, ಇವನ್ನು ವಾರವಾರವೂ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕತಕ್ಕದ್ದು. ರೋಗಿಗಳ ಹೆಸರು ಮತ್ತು ಕಾಯಿಲೆ ಮಾತ್ರ ಗುಟ್ಟಾಗಿರಲಿ. ಉಗ್ರಾಣದ ಲೆಕ್ಕದಲ್ಲಿ ಗುಟ್ಟೇನಿದೆ? ಖಾಲಿ ಬಿದ್ದಿರುವ ಔಷಧ ವಿತರಕರ ಹುದ್ದೆಗಳನ್ನು ತುಂಬತಕ್ಕದ್ದು. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಈ ಲೆಕ್ಕವನ್ನು ತಿಂಗಳಿಗೊಮ್ಮೆ ಓದತಕ್ಕದ್ದು.

ಸರ್ಕಾರ ಚೀಟಿ ಕೊಡುವವರೆಗೆ ಕಾಯಬೇಕಾದದ್ದಿಲ್ಲ. ಔಷಧ ಇಲ್ಲವೆಂದು ಹೇಳಿಸಿಕೊಂಡವರು ದಿನಾಂಕ ಮತ್ತು ಔಷಧದ ಹೆಸರನ್ನು ಒಂದು ಕಾಗದದಲ್ಲಿ ಬರೆದಿಡಲಿ. ಪ್ರತಿ ಗಿರಣಿಯ ಸಂಘ, ಪ್ರತಿ ಪೇಟೆಯ ವರ್ತಕರ ಸಂಘ ಅವನ್ನು ಒಟ್ಟುಗೂಡಿಸಿ ತಿಂಗಳ ಕೊನೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಮೇಜಿನ ಮೇಲೆ ಇಡಲಿ. ಅವರ ಯಂತ್ರದ ಲೆಕ್ಕವೂ ನಮ್ಮ ಕಾಗದದ ಲೆಕ್ಕವೂ ತಾಳೆಯಾಗುವವೋ ನೋಡೋಣ.