ಭೂಮಿಗೆ ಬೇಲಿಯುಂಟು, ನೀರಿಗೆ ಬೇಲಿಯುಂಟೆ?

ಕೆರೆ ಕಟ್ಟಿಸುವುದೂ ಬಾವಿ ತೋಡಿಸುವುದೂ ಪುಣ್ಯಕಾರ್ಯಗಳೆಂದು ನಮ್ಮ ಹಿರಿಯರು ಎಣಿಸಿದ್ದರು. ಬಾವಿ ತೋಡಿಸುವುದರಿಂದ ನೆರೆಯವನಿಗೆ ಕೇಡಾಗಬಹುದೆಂಬ ಮಾತು ಅವರಿಗೆ ತೋಚಿರಲಾರದು. ಇಂದು ಆ ಮಾತನ್ನು ಆಡಲೇಬೇಕಾದ ಕಾಲ ಬಂದಿದೆ. ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇಂಥ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರು ಭಾವಿಸಬಹುದು. ನಮ್ಮ ಹೊಲದಲ್ಲಿರುವ ಎರಡು ಬತ್ತಿದ ಕೊಳವೆ ಬಾವಿಗಳೇ ನನಗೆ ಈ ಸಲಿಗೆಯನ್ನು ಕೊಟ್ಟಿವೆ.

ನಮ್ಮದು ಚನ್ನಪಟ್ಟಣದ ಪಕ್ಕದ ದೊಡ್ಡಮಳೂರು. ಅಪ್ರಮೇಯಸ್ವಾಮಿಯ ಗುಡಿಯನ್ನೂ ಅಲ್ಲಿಯ ಅಂಬೆಗಾಲು ಕೃಷ್ಣನನ್ನೂ ಕಂಡವರಿಗೆ ಈ ಊರಿನ ಪರಿಚಯ ಬೇಕಾಗಿಲ್ಲ. ಮರಳೂರು ಎಂಬುದೇ ಮಳೂರು ಆಯಿತೆಂದೂ, ಗುಡಿಯು ಮರಳಿನ ಮೇಲೆಯೇ ನಿಂತಿದೆಯೆಂದೂ ಊರ ಹಿರಿಯರು ಹೇಳುವರು. ಪಕ್ಕದಲ್ಲಿ ಕಣ್ವಾ ನದಿ. ಮೇಲ್ಗಡೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ. ತೋಟದ ಬಾವಿಗೆ ಮೆಟ್ಟಿಲಿಳಿದು ಕೊಡ ಮುಳುಗಿಸಿ ನೀರು ತರುತ್ತಿದ್ದ ದಿನಗಳನ್ನು ನಮ್ಮ ಅಜ್ಜಿ ನೆನೆಯುತ್ತಿದ್ದರು. ನಾನು ಕಂಡ ಬಾವಿಗೆ ಮೆಟ್ಟಿಲಿಲ್ಲ. ಅದು ಆರೂವರೆ ಅಂಗುಲದ ಒಂದು ತೂತು. ಅದರ ಬಾಯಿಗೆ ಕಲ್ಲು ಮುಚ್ಚಿದೆ.

ನಮಗಿರುವುದು ಮೂರು ಎಕರೆ. ಒಂದು ಎಕರೆ ಹಿಪ್ಪುನೇರಳೆ, ಒಂದಿಷ್ಟು ತೆಂಗು, ಮಿಕ್ಕದ್ದು ರಾಗಿ. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಅವ್ವ ಸಹಿ ಮಾಡಲು ಕಲಿತದ್ದು ಸ್ತ್ರೀಶಕ್ತಿ ಸಂಘಕ್ಕೆ ಸೇರಿದ ಮೇಲೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಅದೂ ರೇಷ್ಮೆಗೂಡು ಮಾರಿದ ಹಣದಿಂದ. ಗೂಡಿಗೆ ಹುಳು, ಹುಳುವಿಗೆ ಸೊಪ್ಪು, ಸೊಪ್ಪಿಗೆ ನೀರು. ಆದುದರಿಂದ ನನ್ನ ಓದು ನಿಂತಿರುವುದು ನೀರಿನ ಮೇಲೆಯೇ ಸರಿ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಪ್ಪ ಮೊದಲ ಬೋರು ಹಾಕಿಸಿದರು. 350 ಅಡಿಗೆ ನೀರು ಚಿಮ್ಮಿದಾಗ ಓಣಿಗೆಲ್ಲ ಸಕ್ಕರೆ ಹಂಚಿದೆವು. ಮರುವರ್ಷದ ಬೇಸಗೆಯಲ್ಲಿ ಕೆಳಗಿನ ಹೊಲದ ಅಜ್ಜಿಯ ತೆರೆದ ಬಾವಿ ಒಣಗಿತು. ಆಗ ನಾವು “ಈ ಸಲ ಮಳೆ ಕಡಿಮೆ” ಎಂದೆವು. ನಾಲ್ಕು ವರ್ಷಗಳ ತರುವಾಯ ದೊಡ್ಡಪ್ಪನ ಮಗ, ನನ್ನ ಅಣ್ಣನೇ, ನಮ್ಮ ಬದುವಿನಿಂದ ಇಪ್ಪತ್ತು ಮಾರು ದೂರದಲ್ಲಿ 700 ಅಡಿ ಕೊರೆಸಿದ. ಎರಡು ಬೇಸಗೆ ಕಳೆಯುವುದರೊಳಗೆ ನಮ್ಮ ಮೋಟಾರು ಗಾಳಿ ಎಳೆಯಿತು. ಆಗ “ಮಳೆ ಕಡಿಮೆ” ಎನ್ನಲು ನಮಗೆ ಬಾಯಿ ಬರಲಿಲ್ಲ; ಎರಡು ಮನೆಗಳ ನಡುವೆ ಮಾತು ನಿಂತಿತು. ಅಪ್ಪ ಸಾಲ ಮಾಡಿ 900 ಅಡಿಗೆ ಇಳಿದರು. ಅದೂ ಹೋದ ವರ್ಷ ಬತ್ತಿತು. ಈಗ ನನ್ನ ಬಿ.ಎಡ್. ಓದಿಗೆಂದು ಕೂಡಿಟ್ಟ ಹಣವನ್ನು ನೋಡುತ್ತ, “ಏನವ್ವಾ, ಇನ್ನೊಂದು ಹಾಕಿಸೋಣವೆ?” ಎಂದು ನನ್ನನ್ನು ಕೇಳಿದರು. ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ತಪ್ಪು ಯಾರದು? ಅಣ್ಣ ತನ್ನ ಹೊಲದಲ್ಲಿ ತಾನು ಕೊರೆಸಿದ. ನಾವೂ ಹಾಗೆಯೇ ಮಾಡಿದ್ದೆವು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಎಷ್ಟು ಬೇಕಾದರೂ ಎತ್ತಿಕೊಳ್ಳುವುದು ಭೂಮಾಲಿಕನ ಹಕ್ಕು. ಇಂಗ್ಲೆಂಡಿನ ಮಳೆನಾಡಿನಲ್ಲಿ ಹುಟ್ಟಿದ ಈ ನ್ಯಾಯ ನಮ್ಮ ಬಂಡೆನಾಡಿಗೆ ಹೊಂದೀತೆ? ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಇಂಥ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಬಿರುಕಿಗೆ ಸರ್ವೆ ನಂಬರು ಗೊತ್ತಿಲ್ಲ. ಒಂದು ಬಾವಿಯಲ್ಲಿ ಪಂಪು ತಿರುಗಿದೊಡನೆ ಸುತ್ತಣ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಎರಡು ಬಾವಿಗಳು ಹತ್ತಿರವಿದ್ದರೆ ಎರಡು ಆಲಿಕೆಗಳು ಒಂದರೊಳಗೊಂದು ಸೇರುತ್ತವೆ. ಆಳದ ಬಾವಿಗೆ ಗೆಲುವು, ಮೇಲಿನದಕ್ಕೆ ಸೋಲು. ಮೇಲಾಗಿ 2008ರಿಂದ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿರುವುದರಿಂದ ಪಂಪನ್ನು ನಿಲ್ಲಿಸಬೇಕೆಂಬ ಯೋಚನೆಯೂ ಯಾರಿಗೂ ಬರುವುದಿಲ್ಲ.

ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಅಮೆರಿಕದ ತೈಲ ಮತ್ತು ನೈಸರ್ಗಿಕ ಅನಿಲದ ಪ್ರಸ್ತಾಪ ಬಂದಾಗ ನನಗೆ ನಮ್ಮ ಬದುವೇ ಕಣ್ಣ ಮುಂದೆ ನಿಂತಿತು. ಅನಿಲವೂ ನೀರಿನಂತೆ ಬೇಲಿಯನ್ನರಿಯದೆ ನೆಲದಡಿಯಲ್ಲಿ ಸರಿದಾಡುವ ವಸ್ತು. 1889ರಲ್ಲಿ ಪೆನ್ಸಿಲ್ವೇನಿಯಾದ ಉಚ್ಚ ನ್ಯಾಯಾಸನವು ತೈಲವನ್ನೂ ಅನಿಲವನ್ನೂ ಕಾಡುಮೃಗಕ್ಕೆ ಹೋಲಿಸಿತು: ಯಾರು ಹಿಡಿದರೋ ಅವರದು. ಫಲವೇನಾಯಿತು? ನೆರೆಯವನು ಎಳೆದುಕೊಳ್ಳುವ ಮುನ್ನ ತಾನೇ ಎಳೆಯಬೇಕೆಂದು ಎಲ್ಲರೂ ಎಲ್ಲೆಯಂಚಿನಲ್ಲಿಯೇ ಬಾವಿ ಕೊರೆದರು. ನೆಲದಡಿಯ ಒತ್ತಡ ಬೇಗನೆ ಕುಸಿಯಿತು. ತೆಗೆಯಬಹುದಾಗಿದ್ದ ಸಂಪತ್ತು ಬಹಳಷ್ಟು ಕೆಳಗೇ ಉಳಿದುಹೋಯಿತು. ಕಡೆಗೆ 1919ರಲ್ಲಿ ಟೆಕ್ಸಾಸ್ ಸಂಸ್ಥಾನವು ಬಾವಿಯಿಂದ ಬಾವಿಗೆ 300 ಅಡಿ, ಎಲ್ಲೆಯಿಂದ 150 ಅಡಿ ಅಂತರವಿರಬೇಕೆಂದು ನಿಯಮ ಮಾಡಿತು. ಆ ನಿಯಮವಿದ್ದರೂ 1930ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ದೊಡ್ಡ ತೈಲಕ್ಷೇತ್ರ ಸಿಕ್ಕಾಗ ಜನ ಮುಗಿಬಿದ್ದು ಕೊರೆದರು. ಮರುವರ್ಷ ಅಲ್ಲಿಯ ಗವರ್ನರರು ಸೈನ್ಯವನ್ನೇ ಕಳುಹಿಸಬೇಕಾಯಿತು. ಅಂತರದ ನಿಯಮವೊಂದೇ ಸಾಲದೆಂಬುದು ಆಗ ಅನೇಕರಿಗೆ ಮನದಟ್ಟಾಯಿತು. ಅಂತರ ಕಾಯ್ದರೆ ಚಿಕ್ಕ ಹಿಡುವಳಿಯವನಿಗೆ ಬಾವಿಯೇ ಇಲ್ಲದಂತಾಗುತ್ತದೆಯಲ್ಲವೆ? 1935ರಲ್ಲಿ ಒಕ್ಲಹೋಮ, ನ್ಯೂ ಮೆಕ್ಸಿಕೊ ಸಂಸ್ಥಾನಗಳು ಇದಕ್ಕೆ ದಾರಿ ಕಂಡವು. ಇಷ್ಟು ಎಕರೆಗೆ ಒಂದೇ ಬಾವಿ. ಆ ಎಕರೆಗಳಲ್ಲಿ ಯಾರದೆಷ್ಟು ನೆಲವಿದೆಯೋ ಅವರಿಗೆ ಅಷ್ಟು ಪಾಲು. ಬಾವಿ ಯಾರ ನೆಲದಲ್ಲಿದ್ದರೂ ಸರಿಯೇ.

ನಮ್ಮಲ್ಲಿ ಕಾಯಿದೆಗಳಿಲ್ಲವೆಂದಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ಕರ್ನಾಟಕದ 1999ರ ಕಾಯಿದೆ ಹೇಳುತ್ತದೆ. 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗೆ ಅನುಮತಿ ಬೇಕೆನ್ನುತ್ತದೆ; ಕೊರೆಯುವ ಯಂತ್ರಗಳೂ ನೋಂದಣಿಯಾಗಬೇಕೆನ್ನುತ್ತದೆ; ಅನುಮತಿ ಕೊಡುವವರು ಬಾವಿಗಳ ನಡುವಣ ಅಂತರವನ್ನೂ ಗಮನಿಸಬೇಕೆನ್ನುತ್ತದೆ. ಇವು ಒಳ್ಳೆಯ ಮಾತುಗಳೇ. ಆದರೆ ಸ್ಪಷ್ಟವಾದ ಅಳತೆಯಿರುವುದು ಊರಿನ ಕುಡಿಯುವ ನೀರಿಗೆ ಮಾತ್ರ. ಹೊಲದ ಬಾವಿಯಿಂದ ಹೊಲದ ಬಾವಿಯನ್ನು, ತಮ್ಮನಿಂದ ಅಣ್ಣನನ್ನು, ಅಣ್ಣನಿಂದ ತಮ್ಮನನ್ನು ಕಾಯುವವರು ಯಾರು?

ಇಲ್ಲಿ ವಾಚಕರು ನನ್ನೊಡನೆ ಒಂದು ಸಣ್ಣ ಲೆಕ್ಕ ಮಾಡಬೇಕೆಂದು ಕೋರುತ್ತೇನೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್, ಎಂದರೆ 32 ಅಂಗುಲ ಮಳೆಯೆಂದು ಇಟ್ಟುಕೊಳ್ಳೋಣ. ಇಂಥ ಕಲ್ಲುನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು ಇಂಗಿ ಅಂತರ್ಜಲಕ್ಕೆ ಸೇರಿದರೆ ಅದೇ ಹೆಚ್ಚು. ಎಂದರೆ ಎಕರೆಯೊಂದಕ್ಕೆ ವರ್ಷದ ಆದಾಯ ಮೂರು ಅಂಗುಲ ನೀರು. ಪಾತಿಗೆ ಹಾಯಿಸಿ ಬೆಳೆಯುವ ಹಿಪ್ಪುನೇರಳೆಯಾದರೋ ವಾರಕ್ಕೇ ಒಂದೂವರೆ ಅಂಗುಲವನ್ನು ಬೇಡುತ್ತದೆ. ವರ್ಷದ ಆದಾಯ ಎರಡು ವಾರಕ್ಕೆ ಮುಗಿಯಿತು! ಮಳೆಗಾಲವನ್ನು ಬಿಟ್ಟು ಮೂವತ್ತು ವಾರ ಹಾಯಿಸಿದರೂ ಒಂದು ಎಕರೆ ಸೊಪ್ಪಿಗೆ ಹದಿನೈದು ಎಕರೆ ನೆಲದಲ್ಲಿ ಇಂಗಿದ ನೀರು ಬೇಕು. ಹನಿ ನೀರಾವರಿಯಿಂದ ಈ ಖರ್ಚು ಕಡಿಮೆಯಾದೀತು, ಇಲ್ಲವಾಗದು.

ಇನ್ನು ಬಾವಿಯಿಂದ ಬಾವಿಗೆ 250 ಮೀಟರ್ ಅಂತರವೆಂದು ನಿಯಮ ಮಾಡಿದರೆಂದು ಭಾವಿಸೋಣ. ಆಗಲೂ ಒಂದೊಂದು ಬಾವಿಯ ಪಾಲಿಗೆ ಬರುವುದು ಸುಮಾರು ಹದಿನೈದು ಎಕರೆಯೇ. ನೀರಿನ ಲೆಕ್ಕವೂ ಅಂತರದ ಲೆಕ್ಕವೂ ಹೀಗೆ ಕೂಡಿಬರುವುದನ್ನು ಕಂಡು ನನಗೆ ಸಂತೋಷವಾಯಿತು. ಆದರೆ ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ನಮ್ಮಂಥ ಮೂರು ಎಕರೆಯವರಾದರೆ ಆ ಹದಿನೈದು ಎಕರೆಯಲ್ಲಿ ಐದು ಕುಟುಂಬಗಳಿರುತ್ತವೆ. ಬಾವಿ ಒಂದು, ಒಲೆಗಳು ಐದು. ಅಂತರದ ನಿಯಮವನ್ನಷ್ಟೇ ತಂದರೆ ಮೊದಲು ಕೊರೆಸಿದವನು ಧಣಿಯಾಗುತ್ತಾನೆ, ಉಳಿದ ನಾಲ್ವರು ಬಾಯಾರಿ ನಿಲ್ಲುತ್ತಾರೆ. ಮೊದಲು ಕೊರೆಸಿದವನು ಸಾಮಾನ್ಯವಾಗಿ ಕೈಯಲ್ಲಿ ಹಣವಿದ್ದವನೇ ಎಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಬಾವಿಗಳ ನಡುವೆ ಅಂತರವಿರಲಿ, ಅದರೊಡನೆ ಪಾಲೂ ಇರಲಿ. ಕೊರೆಯಬೇಡವೆಂದು ಯಾರನ್ನು ತಡೆಯುತ್ತೇವೆಯೋ ಅವರಿಗೆ ಹತ್ತಿರದ ಬಾವಿಯಲ್ಲಿ ಗೊತ್ತಾದ ಖರ್ಚು ಕೊಟ್ಟು ನೀರು ಪಡೆಯುವ ಹಕ್ಕು ಇರಬೇಕು. ಪಾಲಿಲ್ಲದ ಅಂತರ ಅನ್ಯಾಯ. ಅಂತರವಿಲ್ಲದ ಹಕ್ಕು ಆತ್ಮನಾಶ.

ಇದು ನಡೆಯುವ ಮಾತೇ ಎಂದು ಕೇಳಬಹುದು. ನಡೆದಿದೆ. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿ ನಮಗಿಂತ ಕಡಿಮೆ ಮಳೆಯ ಊರು. ಅಲ್ಲಿಯ ಜನ ಬೇಸಾಯಕ್ಕೆ ಕೊಳವೆ ಬಾವಿಯೇ ಬೇಡವೆಂದು ಗ್ರಾಮಸಭೆಯಲ್ಲಿ ನಿಶ್ಚಯಿಸಿದರು. ವರ್ಷವರ್ಷವೂ ಮಳೆಯನ್ನು ಅಳೆದು, ಇರುವ ನೀರಿಗೆ ತಕ್ಕ ಬೆಳೆಯನ್ನು ಗೊತ್ತುಮಾಡುತ್ತಾರೆ. ನಮ್ಮ ನೆರೆಯ ಅನಂತಪುರ ಸೀಮೆಯ ಕೆಲವು ಹಳ್ಳಿಗಳಲ್ಲಿ ರೈತರು ತಮ್ಮ ತಮ್ಮ ಬೋರುಗಳನ್ನು ಪೈಪುಗಳಿಂದ ಒಂದಕ್ಕೊಂದು ಜೋಡಿಸಿ, ಹೊಸದನ್ನು ಕೊರೆಯುವುದಿಲ್ಲವೆಂದು ಒಪ್ಪಿ, ಬೋರಿಲ್ಲದವರಿಗೂ ನೀರು ಕೊಟ್ಟರು.

ಅಧಿಕಾರಿಗಳು ಬಂದು ಅಳೆಯಲೆಂದು ಕಾದರೆ ಅಷ್ಟರಲ್ಲಿ ಬೋರ್ ಲಾರಿ ರಾತ್ರಿಯೇ ಬಂದು ಕೆಲಸ ಮುಗಿಸಿ ಹೋಗಿರುತ್ತದೆ. ಲಾರಿಯ ಸದ್ದು ಮೊದಲು ಕೇಳಿಸುವುದು ಊರಿಗೆ. ಆದುದರಿಂದ ಲೆಕ್ಕವೂ ಊರಿನಲ್ಲಿಯೇ ಇರಬೇಕು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಬೋರು, ಎಷ್ಟು ಆಳ, ಎಷ್ಟು ಬತ್ತಿವೆ ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿದರೆ ಮೊದಲ ಹೆಜ್ಜೆ ಇಟ್ಟಂತಾಯಿತು. ಈ ಕೆಲಸಕ್ಕೆ ರಜೆಯ ದಿನಗಳಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಗೆಳೆಯರೇ ಸಾಕು. ಇಗ್ಗಲೂರಿನಿಂದ ನೀರೆತ್ತಿ ನಮ್ಮ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದುದರಿಂದ ಎಷ್ಟೋ ಊರುಗಳಿಗೆ ಉಸಿರು ಬಂದಿದೆ. ಆದರೆ ಖರ್ಚಿಗೆ ಲೆಕ್ಕವಿಲ್ಲದ ಮನೆಗೆ ಎಷ್ಟು ಆದಾಯ ಬಂದರೇನು?

“ನನ್ನ ನೆಲ, ನನ್ನ ನೀರು; ಕೇಳಲು ನೀನು ಯಾರು?” ಎನ್ನುವವರಿಗೆ ನನ್ನ ಉತ್ತರ ಒಂದೇ. ನಿಮ್ಮ ನೆಲದ ನೀರನ್ನು ನೀವು ತೆಗೆದುಕೊಳ್ಳಿ, ಅದು ಎಕರೆಗೆ ಮೂರು ಅಂಗುಲ. ಅದಕ್ಕಿಂತ ಹೆಚ್ಚಿನದೆಲ್ಲವೂ ನೆರೆಯವರದು.

ಅಪ್ಪನ ಪ್ರಶ್ನೆಗೆ ನಾನು ಬೇಡವೆಂದೆ. ಬಿ.ಎಡ್. ಆಸೆಯಿಂದ ಹಾಗೆಂದೆನೆಂದು ಅವರು ಮೊದಲು ತಿಳಿದರು. ಆ ಆಸೆ ನನಗಿಲ್ಲವೆಂದು ಹೇಳಿದರೆ ಸುಳ್ಳಾದೀತು. ಈ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಟವಲು ಹೆಗಲಿಗೆ ಹಾಕಿಕೊಂಡು ಅಣ್ಣನ ಮನೆಗೆ ಹೋದರು. ಏಳು ವರ್ಷಗಳ ಮೇಲೆ ಆ ಹೊಸ್ತಿಲು ತುಳಿದದ್ದು. ಅಣ್ಣನ ಬೋರಿನಿಂದ ಮಂಗಳವಾರವೂ ಶುಕ್ರವಾರವೂ ನಮಗೆ ನೀರು; ಮೋಟಾರಿನ ರಿಪೇರಿಯಲ್ಲಿ ಅರ್ಧ ನಮ್ಮದು; ಎರಡು ಮನೆಯವರೂ ಸೊಪ್ಪಿನ ತೋಟವನ್ನು ಅರ್ಧಕ್ಕಿಳಿಸಿ ಹನಿ ನೀರಾವರಿ ಹಾಕಿಸುವುದು; ಇಬ್ಬರೂ ಹೊಸದಾಗಿ ಕೊರೆಸಕೂಡದು. ಕಾಗದ ಪತ್ರವಿಲ್ಲ, ಬಾಯಿಮಾತಿನ ಒಪ್ಪಂದ. ಅದು ಎಷ್ಟು ಬೇಸಗೆ ತಾಳುವುದೋ ನೋಡಬೇಕು.

ಆದರೆ ಈ ಒಪ್ಪಂದದಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಮೊದಲು ಬಾವಿ ಕಳೆದುಕೊಂಡವರು ಕೆಳಗಿನ ಹೊಲದ ಅಜ್ಜಿ, ಅದೂ ನಮ್ಮಿಂದ. ಅವರ ಹೊಲಕ್ಕೊಂದು ಪೈಪು ಎಳೆಯುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಇನ್ನೂ ಆಡಿಲ್ಲ. ಈ ಯುಗಾದಿಯಂದು ಎಲ್ಲರೂ ಊಟಕ್ಕೆ ಕುಳಿತಾಗ ಆ ಮಾತನ್ನು ನಾನೇ ಎತ್ತಬೇಕೆಂದಿದ್ದೇನೆ.