ಅನ್ಯಲೋಕದ ವಧು

ಮಾನವನಿಗೂ ಅನ್ಯಗ್ರಹದ ಜೀವಿಗೂ ಪ್ರೇಮವುಂಟಾಗುವ ಕಥೆಗಳು ವೈಜ್ಞಾನಿಕ ಕಾದಂಬರಿಗಳಲ್ಲಿ ಹೇರಳವಾಗಿವೆ. 1912ರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಎಡ್ಗರ್ ರೈಸ್ ಬರೋಸನ ಕಥೆಯಲ್ಲಿ ಭೂಲೋಕದ ವೀರನು ಮಂಗಳಗ್ರಹದ ರಾಜಕುಮಾರಿಯನ್ನು ವರಿಸುತ್ತಾನೆ, ಆಕೆಯಾದರೋ ಮೊಟ್ಟೆಯಿಡುವವಳು! ನಮ್ಮ ಭೀಮ-ಹಿಡಿಂಬಿಯರ ಕಥೆ ಇದಕ್ಕಿಂತ ಬಹು ಪುರಾತನವಾದುದು. ಆದರೆ ಪುರಾಣಕ್ಕಿರುವ ಸ್ವಾತಂತ್ರ್ಯವು ವಿಜ್ಞಾನದ ಹೆಸರು ಹೊತ್ತ ಕಾದಂಬರಿಗೆ ಇರಲಾರದು.

ಮಳೆಗಾಲದ ರಾತ್ರಿ ಕಡಬದ ಕೆರೆಯಂಚಿನಲ್ಲಿ ಕಪ್ಪೆಗಳ ಕೂಗನ್ನು ಆಲಿಸಿರಿ. ಗಂಡು ಕರೆಯುವುದು ತನ್ನ ಪ್ರಭೇದದ ಹೆಣ್ಣನ್ನು. ಬೇರೆ ಪ್ರಭೇದದ ಹೆಣ್ಣು ಸಾಮಾನ್ಯವಾಗಿ ಅದಕ್ಕೆ ಓಗೊಡುವುದಿಲ್ಲ. ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳು, ಕತ್ತೆಯದರಲ್ಲಿ 62. ಇವೆರಡರ ಸಂತಾನವಾದ ಹೇಸರಗತ್ತೆಗೆ 63, ಅದು ಪ್ರಾಯಶಃ ಬಂಜೆ. ಒಂದೇ ಪೂರ್ವಜನಿಂದ ಬಂದ ದಾಯಾದಿಗಳ ಗತಿಯೇ ಹೀಗಿರುವಾಗ, ಬೇರೊಂದು ಗ್ರಹದಲ್ಲಿ ಸ್ವತಂತ್ರವಾಗಿ ಉದಿಸಿದ ಜೀವಿಯಿಂದ ಮಾನವನಿಗೆ ಮಕ್ಕಳಾಗುವುದೆಂತು?

ಹಾಗಾದರೆ ಇಂತಹ ಪ್ರೇಮಕಥೆಗಳೇ ಬೇಡವೆನ್ನೋಣವೇ? ಕೂಡದು. ಸಂತಾನವು ಅಸಾಧ್ಯವೆಂದ ಮಾತ್ರಕ್ಕೆ ಸ್ನೇಹವೂ ಅಸಾಧ್ಯವೆಂದು ವಿಜ್ಞಾನವು ಹೇಳುವುದಿಲ್ಲ. ನಮ್ಮ ಆಕ್ಷೇಪಣೆಯಿರುವುದು ಭೂಲೋಕದ ಕನ್ಯೆಗೇ ಹಸಿರು ಬಣ್ಣ ಬಳಿದು ಅನ್ಯಲೋಕದವಳೆಂದು ಕರೆಯುವ ಸೋಮಾರಿತನಕ್ಕೆ. ತನ್ನಂತೆಯೇ ಇರುವುದನ್ನು ಪ್ರೀತಿಸುವುದು ಸುಲಭ. ತನ್ನಂತಿಲ್ಲದುದನ್ನು ಅರಿತು ಪ್ರೀತಿಸುವುದೇ ಸಾಹಸ. ಕಥೆ ಬರೆಯಬಯಸುವ ತರುಣರು ಆ ಜೀವಿ ಏನನ್ನು ಉಸಿರಾಡುತ್ತದೆ, ಹೇಗೆ ಮಾತನಾಡುತ್ತದೆ, ಯಾವುದಕ್ಕೆ ಅಂಜುತ್ತದೆ ಎಂಬುದನ್ನು ಮೊದಲು ಯೋಚಿಸಲಿ; ಪ್ರೇಮವು ಅನಂತರ ಬರಲಿ.